ಉಳ್ಳಾಲದ ವೀರರಾಣಿ ಅಬ್ಬಕ್ಕದೇವಿ

ಬಸದಿಯ ಜೀರ್ಣೋದ್ಧಾರ ಪೂರ್ಣಗೊಂಡು ಬಿಂಬಪ್ರತಿಷ್ಠೆಯ ಮಂಗಳವಾದ್ಯ ಮೊಳಗುವ ದಿನ ಶ್ರಾವಕ ಶ್ರಾವಿಕೆಯರು ಮೊದಲು ಸ್ಮರಿಸುವುದು ತೀರ್ಥಂಕರ ಪರಮದೇವರನ್ನು, ಅನಂತರ ಆಚಾರ್ಯ ಪರಂಪರೆಯನ್ನು, ಅನಂತರ ದಾನಿಗಳನ್ನು. ಇವರೊಡನೆ ಸ್ಮರಿಸಲೇಬೇಕಾದ ಮತ್ತೊಂದು ವರ್ಗವೂ ಉಂಟು. ನಾಡಿಗೆ ವಿಪತ್ತು ಒದಗಿದಾಗ ಎದೆಗೊಟ್ಟು ನಿಂತು, ಬಸದಿಯ ನಂದಾದೀಪ ಆರದಂತೆ ಕಾಪಾಡಿದ ಅರಸು ಮನೆತನಗಳ ವರ್ಗವದು. ತುಳುನಾಡಿನ ಚೌಟ ವಂಶದ ರಾಣಿ ಅಬ್ಬಕ್ಕದೇವಿ ಈ ವರ್ಗದಲ್ಲಿ ಅಗ್ರಗಣ್ಯಳು.

ರಣಾಂಗಣಕ್ಕೆ ಇಳಿದ ಸ್ತ್ರೀಯರು ಲೋಕದ ಚರಿತ್ರೆಯಲ್ಲಿ ಅನೇಕರಿದ್ದಾರೆ. ಕ್ರಿ.ಶ. 60ರ ಸುಮಾರಿನಲ್ಲಿ ರೋಮನರ ದಬ್ಬಾಳಿಕೆಯ ವಿರುದ್ಧ ಸೇನೆ ಕಟ್ಟಿದ ಬ್ರಿಟನ್ನಿನ ರಾಣಿ ಬೌಡಿಕಾ, 1429ರಲ್ಲಿ ಓರ್ಲಿಯನ್ಸ್ ನಗರದ ಮುತ್ತಿಗೆಯನ್ನು ಬಿಡಿಸಿ 1431ರಲ್ಲಿ ಅಗ್ನಿಗೆ ಆಹುತಿಯಾದ ಫ್ರಾನ್ಸಿನ ಜೋನ್, 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ ಕಿತ್ತೂರಿನ ಚೆನ್ನಮ್ಮ, 1858ರಲ್ಲಿ ಹೋರಾಡುತ್ತಲೇ ಮಡಿದ ಝಾನ್ಸಿಯ ಲಕ್ಷ್ಮೀಬಾಯಿ, ಇವರ ಕೀರ್ತಿ ಶಾಲೆಯ ಮಕ್ಕಳಿಗೂ ತಿಳಿದಿದೆ. ಕಿತ್ತೂರಿನ ಕಹಳೆ ಮೊಳಗುವುದಕ್ಕೆ ಸುಮಾರು 270 ವರ್ಷಗಳ ಮೊದಲೇ, ಯುರೋಪಿನಿಂದ ಬಂದ ನೌಕಾಬಲವೊಂದನ್ನು ಕರಾವಳಿಯ ಸಣ್ಣದೊಂದು ಸಂಸ್ಥಾನದ ಜೈನ ರಾಣಿ ತಡೆದು ನಿಲ್ಲಿಸಿದ್ದಳು ಎಂಬುದು ಬಹಳ ಕಾಲ ತುಳುನಾಡಿನ ಹೊರಗೆ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ.

ಚೌಟರ ಮನೆತನ

ತುಳುನಾಡನ್ನು ಹಂಚಿಕೊಂಡು ಆಳಿದ ಜೈನ ಅರಸು ಮನೆತನಗಳಲ್ಲಿ ಕಾರ್ಕಳದ ಭೈರವರಸರು, ಬಂಗರು, ಚೌಟರು, ವೇಣೂರಿನ ಅಜಿಲರು ಮುಖ್ಯರು. ಚೌಟರ ಮೂಲ ನೆಲೆಗಳು ಉಳ್ಳಾಲ ಮತ್ತು ಪುತ್ತಿಗೆ. ಮುಂದೆ ಅವರ ಪ್ರಧಾನ ಅರಮನೆ ಮೂಡಬಿದಿರೆಯಲ್ಲಿ ನೆಲೆಗೊಂಡಿತು. 1430ರಲ್ಲಿ ಕಟ್ಟಲಾರಂಭಿಸಿದ ತ್ರಿಭುವನತಿಲಕ ಚೂಡಾಮಣಿ ಬಸದಿ, ಎಂದರೆ ಜನರು ಸಾವಿರಕಂಬದ ಬಸದಿಯೆಂದು ಕರೆಯುವ ಭವ್ಯ ಜಿನಾಲಯ, ಇದೇ ಮೂಡಬಿದಿರೆಯಲ್ಲಿದೆ. ಚೌಟರು ಜಿನಧರ್ಮದ ಅನುಯಾಯಿಗಳಾಗಿದ್ದು, ಜೊತೆಗೆ ಸೋಮನಾಥ ದೇವರನ್ನೂ ಭಕ್ತಿಯಿಂದ ನಡೆದುಕೊಂಡವರು. ತುಳುನಾಡಿನಲ್ಲಿ ಬಸದಿ, ದೇವಾಲಯ, ದೈವಸ್ಥಾನಗಳು ಪರಸ್ಪರ ವೈರವಿಲ್ಲದೆ ಬೆಳೆದುಬಂದುದಕ್ಕೆ ಇಂಥ ಅರಸರ ಉದಾರಬುದ್ಧಿಯೇ ಕಾರಣ.

ಈ ಮನೆತನದಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಆಸ್ತಿಯೂ ಪಟ್ಟವೂ ತಾಯಿಯ ಸಂತತಿಯಲ್ಲೇ ಸಾಗಿ, ಮಾವನ ಅಧಿಕಾರ ಸೋದರಿಯ ಮಕ್ಕಳಿಗೆ ಸಲ್ಲುತ್ತಿತ್ತು. ಆದುದರಿಂದ ಹೆಣ್ಣುಮಗಳು ಸಿಂಹಾಸನವೇರುವುದು ಇಲ್ಲಿ ವಿಸ್ಮಯದ ಸಂಗತಿಯಾಗಿರಲಿಲ್ಲ. ವಿವಾಹಾನಂತರವೂ ಆಕೆ ತನ್ನ ಮನೆತನದವಳಾಗಿಯೇ ಉಳಿಯುತ್ತಿದ್ದಳು. ಮೂಡಬಿದಿರೆಯ ಚೌಟರ ಅರಮನೆಯ ಮರದ ಕಂಬಗಳ ಮೇಲೆ ಒಂಬತ್ತು ಮಂದಿ ಸ್ತ್ರೀಯರು ಕೂಡಿ ಒಂದು ಆನೆಯಾದ ನವನಾರೀಕುಂಜರವನ್ನೂ, ಐವರು ಕೂಡಿ ಒಂದು ಕುದುರೆಯಾದ ಪಂಚನಾರೀತುರಗವನ್ನೂ ಶಿಲ್ಪಿಗಳು ಕೆತ್ತಿದ್ದಾರೆ. ಸ್ತ್ರೀಯರು ಆನೆಯೂ ಕುದುರೆಯೂ ಆಗಿ ರಾಜ್ಯದ ಭಾರವನ್ನು ಹೊತ್ತ ಮನೆತನಕ್ಕೆ ಇದಕ್ಕಿಂತ ಒಪ್ಪುವ ಅಲಂಕಾರ ಬೇರೊಂದಿರಲಾರದು.

ಅಬ್ಬಕ್ಕದೇವಿ ತನ್ನ ಸೋದರಮಾವ ತಿರುಮಲರಾಯ ಚೌಟನಿಂದ ರಾಜ್ಯವನ್ನು ಪಡೆದಳೆಂದೂ, ಬಾಲ್ಯದಿಂದಲೇ ಕತ್ತಿವರಸೆ, ಬಿಲ್ವಿದ್ಯೆ, ಅಶ್ವಾರೋಹಣ ಹಾಗೂ ರಾಜನೀತಿಗಳಲ್ಲಿ ಆತನೇ ಆಕೆಯನ್ನು ಪಳಗಿಸಿದನೆಂದೂ ಪರಂಪರೆಯಿಂದ ಬಂದ ವೃತ್ತಾಂತ ಹೇಳುತ್ತದೆ. ಪೋರ್ತುಗೀಸರ ದಾಖಲೆಗಳಲ್ಲಿ ಆಕೆ ಒಲಾಲದ ರಾಣಿ. ಉಳ್ಳಾಲವೆಂಬ ಹೆಸರು ಅವರ ನಾಲಿಗೆಯಲ್ಲಿ ಒಲಾಲವಾಯಿತು.

ಕಡಲಿನ ಮೇಲೊಂದು ಸುಂಕದ ಕಟ್ಟೆ

ನೇತ್ರಾವತಿ ನದಿ ಸಮುದ್ರವನ್ನು ಸೇರುವ ಅಳಿವೆಯ ದಕ್ಷಿಣಕ್ಕೆ ಉಳ್ಳಾಲ, ಉತ್ತರಕ್ಕೆ ಮಂಗಳೂರು. ಘಟ್ಟದ ಮೇಲಿನಿಂದ ಎತ್ತಿನ ಹೇರುಗಳಲ್ಲಿ ಇಳಿದು ಬರುತ್ತಿದ್ದ ಮೆಣಸು, ಕರಾವಳಿಯ ಗದ್ದೆಗಳಲ್ಲಿ ಬೆಳೆದ ಅಕ್ಕಿ ಇಲ್ಲಿಂದ ಹಡಗೇರಿ ಮಲಬಾರಿಗೂ ಅರಬರ ನಾಡಿಗೂ ಹೋಗುತ್ತಿದ್ದವು. ಕೆನರಾದ ಅಕ್ಕಿ ಬಾರದಿದ್ದರೆ ಗೋವೆಯ ಪೋರ್ತುಗೀಸರ ಒಲೆಯೂ ಉರಿಯುತ್ತಿರಲಿಲ್ಲ. ಶತಮಾನಗಳಿಂದ ಈ ಕಡಲು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಅರಬ, ಗುಜರಾತಿ, ಮಾಪಿಳ್ಳೆ, ಜೈನ, ಕೊಂಕಣಿ ವರ್ತಕರೆಲ್ಲರೂ ಬಂದರಿನ ಅರಸನಿಗೆ ನ್ಯಾಯವಾದ ಸುಂಕ ಕೊಟ್ಟು ನಿರ್ಭಯವಾಗಿ ವ್ಯಾಪಾರ ಮಾಡುತ್ತಿದ್ದರು.

1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದ ಮೇಲೆ ಈ ನೆಮ್ಮದಿ ಕೆಟ್ಟಿತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಸರು ಕಡಲು ತಮ್ಮದೆಂದು ಸಾರಿದರು. ಕರ್ತಾಸ್ ಎಂಬ ರಹದಾರಿ ಚೀಟಿಯನ್ನು ಅವರಿಂದ ಹಣ ತೆತ್ತು ಪಡೆಯದ ಹಡಗನ್ನು ನಡುಗಡಲಿನಲ್ಲಿ ಹಿಡಿದು ಸರಕನ್ನು ಸುಲಿಯುತ್ತಿದ್ದರು. ಚೀಟಿಯಲ್ಲಿ ಹಡಗು ಹೋಗುವ ಬಂದರು, ಅದರಲ್ಲಿರುವ ಆಯುಧಗಳು ಎಲ್ಲವೂ ನಮೂದಾಗಬೇಕು. ಲಾಭದ ಸರಕಾದ ಮೆಣಸನ್ನು ಅವರ ಅಪ್ಪಣೆಯಿಲ್ಲದೆ ಒಯ್ಯಕೂಡದು. ಕರಾವಳಿಯ ಅರಸರು ವರ್ಷ ವರ್ಷವೂ ಕಪ್ಪ ಸಲ್ಲಿಸಬೇಕೆಂಬ ಒತ್ತಾಯ ಬೇರೆ. ತನ್ನ ಅಂಗಳದಲ್ಲಿ ನಡೆಯಲು ಪರರಿಗೆ ಬಾಡಿಗೆ ಕೊಡಬೇಕಾದ ಸ್ಥಿತಿ ಇದು. ಕೆಲವು ಅರಸರು ಶಾಂತಿಯ ಆಸೆಯಿಂದ ಇದಕ್ಕೆ ತಲೆಬಾಗಿದರು. ಅಬ್ಬಕ್ಕದೇವಿ ಬಾಗಲಿಲ್ಲ. ಕಪ್ಪವನ್ನು ನಿಲ್ಲಿಸಿದಳು; ಪೋರ್ತುಗೀಸರ ವೈರಿಯಾದ ಕಲ್ಲಿಕೋಟೆಯ ಸಾಮೂದಿರಿಯೊಡನೆ ಸ್ನೇಹವನ್ನು ಬಿಗಿಗೊಳಿಸಿದಳು.

ಉಳ್ಳಾಲದ ಯುದ್ಧಗಳು

ಕಪ್ಪ ನಿಂತ ಕೂಡಲೆ ಗೋವೆಯ ಕಣ್ಣು ಕೆಂಪಾಯಿತು. 1555ರ ಸುಮಾರಿಗೆ ಆಲ್ವಾರೋ ಡ ಸಿಲ್ವೇರಾ ಎಂಬ ದಳಪತಿಯ ನೌಕಾಪಡೆ ಉಳ್ಳಾಲದ ಮೇಲೆ ಬಂತು. ಹಡಗುಗಳಿಂದ ಫಿರಂಗಿಯ ಗುಂಡು ಸುರಿಯಿತು. ಮಂಗಳೂರಿನ ತೀರ ಸೂರೆಯಾಯಿತು. ಈ ಯುದ್ಧ ಸಂಧಿಯಲ್ಲಿ ಮುಗಿಯಿತು. ರಾಣಿಯನ್ನು ಪಟ್ಟದಿಂದ ಇಳಿಸಲು ವೈರಿಗಳಿಗೆ ಸಾಧ್ಯವಾಗಲಿಲ್ಲ. ಸಂಧಿಯ ಕಾಲವನ್ನು ಆಕೆ ಸೈನ್ಯದ ಸಿದ್ಧತೆಗೆ ಬಳಸಿಕೊಂಡಳು.

ಆ ಸೈನ್ಯದ ಸ್ವರೂಪ ಗಮನಾರ್ಹವಾದುದು. ಕಡಲನ್ನು ಅಂಗೈಯ ಗೆರೆಯಂತೆ ಬಲ್ಲ ಮೊಗವೀರರು, ಕತ್ತಿ ಹಿಡಿದ ಬಂಟರು, ಬಿಲ್ಲವರು, ಹಡಗಿನ ವ್ಯಾಪಾರದ ಬ್ಯಾರಿಗಳು, ಹೀಗೆ ತುಳುನಾಡಿನ ಸಕಲ ಜಾತಿಮತಗಳವರು ಅವಳ ಧ್ವಜದ ಕೆಳಗೆ ನಿಂತಿದ್ದರೆಂದು ಜನಪದರ ನೆನಪು ಹೇಳುತ್ತದೆ. ಕಡಲಿನ ಹಾದಿ ಮುಚ್ಚಿದರೆ ಮೊದಲು ಹಸಿಯುವವರು ಇವರೇ. ಆದುದರಿಂದ ರಾಣಿಯ ಯುದ್ಧ ಅವರ ಯುದ್ಧವೂ ಆಗಿತ್ತು. ರಾತ್ರಿಯ ಕತ್ತಲಲ್ಲಿ ಮೊಗವೀರರು ಸಣ್ಣ ದೋಣಿಗಳಲ್ಲಿ ಸದ್ದಿಲ್ಲದೆ ಸಾಗಿ, ಒಣ ತೆಂಗಿನ ಗರಿಗಳ ಸೂಡಿಗೆ ಕಿಚ್ಚು ಹೊತ್ತಿಸಿ ವೈರಿಗಳ ಹಡಗುಗಳ ಮೇಲೆ ಎಸೆದರೆಂಬ ಕಥೆ ಇಂದಿಗೂ ಆ ತೀರದಲ್ಲಿ ಜೀವಂತವಾಗಿದೆ. ದೊಡ್ಡ ಹಡಗಿಗೆ ಹಾಯಿಯೇ ಬಲ. ಹಾಯಿಗೆ ಬೆಂಕಿ ಬಿದ್ದರೆ ಅದೇ ಅದಕ್ಕೆ ಚಿತೆ.

1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಸಾಮ್ರಾಜ್ಯ ಕುಸಿಯಿತು. ಕರಾವಳಿಯ ಅರಸರಿಗೆ ಹಿಂದಿದ್ದ ಆಸರೆ ತಪ್ಪಿತು. ಈ ಸಂದರ್ಭವನ್ನೇ ಕಾಯುತ್ತಿದ್ದ ಪೋರ್ತುಗೀಸ್ ವೈಸ್‌ರಾಯ್ ಆಂತಾವೋ ಡ ನೊರೋನ್ಯನ ಸೇನೆ 1567-68ರಲ್ಲಿ ಉಳ್ಳಾಲದ ಮೇಲೆ ಎರಗಿತು. ಈ ಯುದ್ಧದ ಒಂದು ರಾತ್ರಿಯೇ ಅಬ್ಬಕ್ಕನ ಹೆಸರನ್ನು ಅಜರಾಮರಗೊಳಿಸಿದ್ದು.

ಪರಂಪರೆಯ ವೃತ್ತಾಂತ ಹೀಗಿದೆ. ಸೇನಾಪತಿ ಜೊವಾವೋ ಪೆಯಿಶೋಟೋ ತನ್ನ ಪಡೆಯೊಡನೆ ಉಳ್ಳಾಲ ಪೇಟೆಯನ್ನು ಹಿಡಿದು ಅರಮನೆಯನ್ನೂ ಹೊಕ್ಕನು. ಅರಮನೆ ಬರಿದಾಗಿತ್ತು. ರಾಣಿ ಅದಾಗಲೇ ತಪ್ಪಿಸಿಕೊಂಡು ಸಮೀಪದ ಮಸೀದಿಯೊಂದರಲ್ಲಿ ಆಶ್ರಯ ಪಡೆದಿದ್ದಳು. ಗೆದ್ದೆವೆಂಬ ಮದದಲ್ಲಿ ವೈರಿಗಳು ಮೈಮರೆತಿದ್ದಾಗ, ಅದೇ ರಾತ್ರಿ ಆಕೆ ಸುಮಾರು 200 ಮಂದಿ ಭಟರನ್ನು ಕೂಡಿಸಿಕೊಂಡು ಅವರ ಮೇಲೆ ಬಿದ್ದಳು. ಪೆಯಿಶೋಟೋ ಮಡಿದನು, 70 ಮಂದಿ ಸೈನಿಕರು ಸೆರೆಸಿಕ್ಕರು, ಉಳಿದವರು ಹಡಗುಗಳತ್ತ ಓಡಿದರು. ಜಿನಭಕ್ತಳಾದ ರಾಣಿಗೆ ಮಸೀದಿಯ ಬಾಗಿಲು ಆ ರಾತ್ರಿ ತೆರೆದಿತ್ತೆಂಬುದು ಈ ಕಥೆಯ ಅತ್ಯಂತ ಬೆಲೆಯುಳ್ಳ ಭಾಗ. ಶಾಂತಿಕಾಲದಲ್ಲಿ ಪರಧರ್ಮೀಯರನ್ನು ಮಕ್ಕಳಂತೆ ಕಂಡವಳಿಗೆ ವಿಪತ್ಕಾಲದಲ್ಲಿ ಅವರೇ ಕೋಟೆಯಾದರು.

ಆದರೆ ಒಂದು ರಾತ್ರಿಯ ಗೆಲವಿನಿಂದ ಯುದ್ಧ ತೀರಲಿಲ್ಲ. ವೈಸ್‌ರಾಯನ ದೊಡ್ಡ ಸೇನೆಯ ಮುಂದೆ ಉಳ್ಳಾಲ ಉರಿಯಿತು. 1568ರಲ್ಲಿ ಪೋರ್ತುಗೀಸರು ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನಲ್ಲಿ ಕೋಟೆಯೊಂದನ್ನು ಕಟ್ಟಿದರು. ನದಿಯ ಆಚೆ ದಡದಲ್ಲಿ ಎದ್ದ ಆ ಗೋಡೆ ಉಳ್ಳಾಲದ ಕಣ್ಣಿಗೆ ನಿತ್ಯವೂ ಚುಚ್ಚುವ ಮುಳ್ಳಾಯಿತು.

ರಾಣಿ ಎದೆಗುಂದಲಿಲ್ಲ. 1570ರಲ್ಲಿ ಬಿಜಾಪುರದ ಅಲಿ ಆದಿಲ್ ಶಾಹ, ಅಹಮದ್‌ನಗರದ ನಿಜಾಂ ಶಾಹ ಮತ್ತು ಕಲ್ಲಿಕೋಟೆಯ ಸಾಮೂದಿರಿ ಒಂದಾಗಿ ಗೋವೆ, ಚೌಲ್ ಮತ್ತು ಮಲಬಾರ್ ತೀರಗಳಲ್ಲಿ ಪೋರ್ತುಗೀಸರ ಮೇಲೆ ಎದ್ದಾಗ ಅವಳೂ ಆ ಕೂಟದ ಕಡೆಗೆ ನಿಂತಳು. ಅವಳ ಕೋರಿಕೆಯಂತೆ ಸಾಮೂದಿರಿಯ ನೌಕಾನಾಯಕ ಕುಟ್ಟಿ ಪೋಕರ್ ಮರಕ್ಕಾರ್ ರಾತ್ರಿಯ ವೇಳೆ ಮಂಗಳೂರಿನ ಕೋಟೆಗೆ ಏಣಿ ಹಾಕಿಸಿದನು. ಒಳಗಿದ್ದ ಸೇವಕರು ನಿದ್ದೆಯಿಂದೆದ್ದು, ಕೈಗೆ ಸಿಕ್ಕಿದ ಬೆಳ್ಳಿಯ ಪೆಟ್ಟಿಗೆಯನ್ನೇ ಏಣಿಯ ಮೇಲಿದ್ದವರ ತಲೆಯ ಮೇಲೆ ಎಸೆದು ಅವರನ್ನು ಕೆಡವಿದರೆಂದು ಪೋರ್ತುಗೀಸರ ಬರಹಗಳು ತಿಳಿಸುತ್ತವೆ. ಕುಟ್ಟಿ ಪೋಕರನು ಹಿಂದಿರುಗುವಾಗ ಕಡಲ ಕಾಳಗದಲ್ಲಿ ವೀರಮರಣವನ್ನಪ್ಪಿದನು. ಉಳ್ಳಾಲದ ರಾಣಿಗಾಗಿ ಪ್ರಾಣಕೊಟ್ಟ ಆ ಮುಸಲ್ಮಾನ ವೀರನ ಹೆಸರನ್ನು ಅಬ್ಬಕ್ಕನ ಹೆಸರಿನೊಡನೆಯೇ ಹೇಳಬೇಕು. ಕೊನೆಯ ಯುದ್ಧದಲ್ಲಿ ರಾಣಿ ಸೆರೆಸಿಕ್ಕಳೆಂದೂ, ಸೆರೆಮನೆಯಲ್ಲಿಯೂ ದಂಗೆಯೆದ್ದು ಹೋರಾಡುತ್ತಲೇ ಪ್ರಾಣಬಿಟ್ಟಳೆಂದೂ ತುಳುನಾಡಿನ ಐತಿಹ್ಯ.

ಹೆಸರನ್ನು ಉಳಿಸಿದ ಇನ್ನೊಬ್ಬ ರಾಣಿ

ಉಳ್ಳಾಲದ ಗಾದಿಯಲ್ಲಿ ಅಬ್ಬಕ್ಕನೆಂಬ ಹೆಸರು ಒಬ್ಬಳದೇ ಅಲ್ಲವೆಂಬುದು ಇತಿಹಾಸಕಾರರ ಅಭಿಪ್ರಾಯ. 1555ರ ಯುದ್ಧಕ್ಕೂ 1623ರಲ್ಲಿ ಇಟಲಿಯ ಪ್ರವಾಸಿಯೊಬ್ಬನು ಉಳ್ಳಾಲದ ರಾಣಿಯನ್ನು ಕಂಡುದಕ್ಕೂ ನಡುವೆ 68 ವರ್ಷಗಳ ಅಂತರವಿದೆ. ಜನರ ನೆನಪು ಈ ರಾಣಿಯರನ್ನು ಒಂದೇ ಮೂರ್ತಿಯಾಗಿ ಎರಕ ಹೊಯ್ದಿದೆ.

ಆ ಪ್ರವಾಸಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ. ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೋದ ಪೋರ್ತುಗೀಸ್ ನಿಯೋಗದೊಡನೆ ಬಂದಿದ್ದ ಅವನು, ರಾಣಿಯ ಕೀರ್ತಿಯನ್ನು ಕೇಳಿ ಅವಳನ್ನು ಕಾಣಲೆಂದೇ ಮಣೇಲಿಗೆ ಹೋದನು. ಅವನು ಕಂಡದ್ದು ಸಿಂಹಾಸನವನ್ನಲ್ಲ. ಹೊಲಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಲೆಂದು ರಾಣಿ ಬರಿಗಾಲಿನಲ್ಲಿ ಬೀದಿಯಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ದಪ್ಪ ನೂಲಿನ ಬಿಳಿಯ ಬಟ್ಟೆ. ತಲೆಯ ಮೇಲೆ ಸೇವಕನು ಹಿಡಿದ ತಾಳೆಗರಿಯ ಕೊಡೆ. ಸುತ್ತ ಕತ್ತಿ ಗುರಾಣಿಗಳ ಕೆಲವೇ ಕಾಲಾಳುಗಳು. ನೋಟಕ್ಕೆ ಅಡುಗೆಮನೆಯ ಹೆಂಗಸಿನಂತೆ ತೋರಿದವಳು ಮಾತನಾಡಿದಾಗ ವಿವೇಕಿಯಾದ ರಾಣಿಯೆಂಬುದು ಅವನಿಗೆ ಮನದಟ್ಟಾಯಿತು. ಅವನು ಯಾವ ನಾಡಿನವನು, ತನ್ನ ದೇಶವನ್ನು ಬಿಟ್ಟು ಈ ಕಾಡುಗಳಲ್ಲಿ ಅಲೆಯುವುದೇಕೆ ಎಂದು ಅವಳು ನಿಂತಲ್ಲೇ ವಿಚಾರಿಸಿದಳು. ಅಪರಿಗ್ರಹವೆಂಬ ವ್ರತದ ಅರ್ಥವನ್ನು ಪುಸ್ತಕದಲ್ಲಿ ಓದಿ ತಿಳಿಯುವುದಕ್ಕಿಂತ, ಪೋರ್ತುಗೀಸರು ಹೆದರುತ್ತಿದ್ದ ರಾಣಿಯೊಬ್ಬಳು ಬರಿಗಾಲಿನಲ್ಲಿ ಕಾಲುವೆಯ ಕೆಲಸ ನೋಡಲು ಹೊರಟ ಈ ಚಿತ್ರದಲ್ಲಿ ಕಾಣುವುದು ಸುಲಭ.

ಈ ರಾಣಿಗೂ ಬಂಗರಸನಿಗೂ ಆದ ವಿವಾಹ ಮುರಿದುಬಿದ್ದ ಕಥೆಯನ್ನೂ ಅದೇ ಪ್ರವಾಸಿ ಬರೆದಿಟ್ಟಿದ್ದಾನೆ. ಮನಸ್ತಾಪ ಬೆಳೆದಾಗ ರಾಣಿ ಆತನು ಕೊಟ್ಟಿದ್ದ ಆಭರಣಗಳನ್ನೆಲ್ಲ ಹಿಂದಕ್ಕೆ ಕಳುಹಿಸಿ ಸಂಬಂಧವನ್ನು ಕಡಿದುಕೊಂಡಳು. ಕೆರಳಿದ ಬಂಗರಸ ಹೊಂಚುಹಾಕಿ, ದೋಣಿಯಲ್ಲಿ ಸಾಗುತ್ತಿದ್ದ ಆಕೆಯನ್ನು ಹಿಡಿಸಿದನು. ಬುದ್ಧಿವಂತಿಕೆಯಿಂದ ಬಿಡುಗಡೆ ಪಡೆದ ರಾಣಿ ಯುದ್ಧ ಸಾರಿದಳು. ಬಂಗರಸ ಪೋರ್ತುಗೀಸರ ಸಹಾಯ ಕೇಳಿದನು. ರಾಣಿ ಇಕ್ಕೇರಿಯ ವೆಂಕಟಪ್ಪನಾಯಕನನ್ನು ಕರೆದಳು. ವೆಂಕಟಪ್ಪನಾಯಕನ ಸೈನ್ಯಕ್ಕೆ ಜಯವಾಯಿತು. ಬಂಗರಸ ನೆಲೆ ತಪ್ಪಿ ಕಾಸರಗೋಡಿನ ಕಡೆಗೆ ಹಿಮ್ಮೆಟ್ಟಿದನು.

ಅಹಿಂಸೆಯೂ ಖಡ್ಗವೂ

ಅಹಿಂಸೆಯೇ ಪರಮಧರ್ಮವೆಂದು ಸಾರುವ ಜಿನಶಾಸನದಲ್ಲಿ ಜನಿಸಿದ ಶ್ರಾವಿಕೆ ಕತ್ತಿ ಹಿಡಿದುದು ಧರ್ಮಸಮ್ಮತವೇ? ಅಬ್ಬಕ್ಕನ ಚರಿತ್ರೆಯನ್ನು ಕೇಳಿದ ಅನ್ಯಮತೀಯರೂ, ಸ್ವಸಮಾಜದ ತರುಣರೂ ಈ ಪ್ರಶ್ನೆಯನ್ನು ಎತ್ತುವುದುಂಟು. ಇದಕ್ಕೆ ಜಿನಾಗಮದಲ್ಲಿ ಸ್ಪಷ್ಟವಾದ ಉತ್ತರವಿದೆ. ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ. ಗೃಹಸ್ಥನಿಗೆ ಸಂಭವಿಸುವ ಹಿಂಸೆಯನ್ನು ಆಚಾರ್ಯರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ. ಕೃಷಿ, ವ್ಯಾಪಾರ ಮೊದಲಾದ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನೂ ತನ್ನನ್ನು ನಂಬಿದವರನ್ನೂ ಆಕ್ರಮಣಕಾರರಿಂದ ರಕ್ಷಿಸುವಾಗ ಆಗುವುದು ವಿರೋಧೀ ಹಿಂಸೆ. ಇವುಗಳಲ್ಲಿ ಮೊದಲನೆಯದನ್ನು ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರನ್ನು ಎಚ್ಚರದಿಂದ ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಗೋಮಟೇಶ್ವರನ ಮಹಾಬಿಂಬವನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿಯೇ ಶ್ರಾವಕಶ್ರೇಷ್ಠನೆನಿಸಿದನು.

ಸ್ತ್ರೀಯರಿಗೂ ಇದೇ ನ್ಯಾಯ. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ವೀರಗಲ್ಲೊಂದಿದೆ. ಪತಿಯೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಮಡಿದ ಸಾವಿಯಬ್ಬೆಯ ಸ್ಮಾರಕವದು. ಕುದುರೆಯೇರಿ ಕತ್ತಿಯೆತ್ತಿದ ಆಕೆ ಆನೆಯ ಮೇಲಿನ ವೈರಿಯನ್ನು ಎದುರಿಸುವ ಚಿತ್ರ ಅದರಲ್ಲಿದೆ. ಶ್ರಾವಿಕಾಧರ್ಮದಲ್ಲಿ ಆಕೆಯನ್ನು ರೇವತಿಗೆ ಹೋಲಿಸಲಾಗಿದೆ. ಅದೇ ಶತಮಾನದಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ ಕೊನೆಯಲ್ಲಿ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹತ್ಯಾಗ ಮಾಡಿದಳು. ಅಬ್ಬಕ್ಕ ಈ ಪರಂಪರೆಯ ಕುಡಿ.

ಈ ಒರೆಗಲ್ಲಿಗೆ ಉಳ್ಳಾಲದ ಯುದ್ಧಗಳನ್ನು ತಿಕ್ಕಿ ನೋಡಬಹುದು. ಅಬ್ಬಕ್ಕ ಕಡಲು ದಾಟಿ ಲಿಸ್ಬನ್ನಿಗೆ ದಂಡೆತ್ತಿ ಹೋದವಳಲ್ಲ. ಯುದ್ಧವೇ ಅವಳ ಹೊಸ್ತಿಲಿಗೆ ಬಂದಿತು. ಅವಳು ಎತ್ತಿದ ಕತ್ತಿಯ ಹಿಂದೆ ಬೆಸ್ತನ ಬಲೆ, ಒಕ್ಕಲಿನ ಅಕ್ಕಿ, ವರ್ತಕನ ಹಡಗು ಇದ್ದವು. ಇದು ವಿರೋಧೀ ಹಿಂಸೆಯೇ ಹೊರತು ಬೇರಲ್ಲ.

ಆದರೆ ಬಂಗ, ಚೌಟ ಮನೆತನಗಳ ಕಲಹಕ್ಕೆ ಈ ಸಮಾಧಾನವನ್ನು ಹೇಳುವಂತಿಲ್ಲ. ಎರಡೂ ಜೈನ ಮನೆತನಗಳು; ಎರಡೂ ಬಸದಿಗಳನ್ನು ಪೋಷಿಸಿದವು; ಹೆಣ್ಣು ಕೊಟ್ಟು ತಂದ ಬಾಂಧವ್ಯ ಅವುಗಳದು. ಭರತ ಬಾಹುಬಲಿಗಳು ಎದುರುಬದುರಾದಾಗ ಸೇನೆಗಳನ್ನು ದೂರ ನಿಲ್ಲಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದಲೇ ನಿರ್ಣಯ ಮಾಡಿಕೊಂಡರು. ಗೆದ್ದ ಬಾಹುಬಲಿ ಗೆಲವನ್ನೂ ತ್ಯಜಿಸಿ ತಪಸ್ಸಿಗೆ ನಿಂತನು. ಆ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದ ಮನೆತನಗಳೇ ಕ್ರೋಧ ಮಾನಗಳೆಂಬ ಕಷಾಯಗಳಿಗೆ ವಶವಾಗಿ, ಮನೆಯ ಜಗಳದ ತೀರ್ಮಾನಕ್ಕೆ ಹೊರಗಿನ ಸೈನ್ಯಗಳನ್ನು ಕರೆದವು. ಬಂಗರಸನು ನೆಲೆ ಕಳೆದುಕೊಂಡನು. ಗೆದ್ದ ಚೌಟರಿಗಾದರೂ ಪೂರ್ಣ ಲಾಭ ದಕ್ಕಲಿಲ್ಲ. ಮುಂದಿನ ಕಾಲದಲ್ಲಿ ತುಳುನಾಡಿನ ಮೇಲೆ ಇಕ್ಕೇರಿಯ ಅಧಿಕಾರವೇ ಬಲವಾಯಿತು. ಪರದೇಶದ ಫಿರಂಗಿಗೆ ಬೆದರದ ಮನೆತನವನ್ನು ಸ್ವಜನರ ವೈಮನಸ್ಯ ಬಳಲಿಸಿತು. ಅಬ್ಬಕ್ಕನ ಶೌರ್ಯವನ್ನು ಹೊಗಳುವ ಸಮಾಜ ಈ ಎರಡನೆಯ ಪಾಠವನ್ನೂ ಲೆಕ್ಕದ ಪುಸ್ತಕದ ಖರ್ಚಿನ ಪುಟದಂತೆ ಮರೆಯದೆ ಓದಬೇಕು.

ನೆನಪು

ಇಂದು ಉಳ್ಳಾಲದಲ್ಲಿ ಅಬ್ಬಕ್ಕನ ಹೆಸರಿನಲ್ಲಿ ಉತ್ಸವಗಳು ನಡೆಯುತ್ತವೆ. ಯಕ್ಷಗಾನದ ರಂಗಸ್ಥಳದಲ್ಲಿ ಅವಳ ಪಾತ್ರ ಮೆರೆದಿದೆ. 2003ರಲ್ಲಿ ಭಾರತೀಯ ಅಂಚೆ ಇಲಾಖೆ ಅವಳ ನೆನಪಿಗಾಗಿ ವಿಶೇಷ ಲಕೋಟೆಯನ್ನು ಹೊರತಂದಿತು. 2012ರಲ್ಲಿ ಕರಾವಳಿ ರಕ್ಷಣಾ ಪಡೆ ತನ್ನ ಗಸ್ತು ಹಡಗೊಂದಕ್ಕೆ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿಸಿತು. ಪರರ ಚೀಟಿಯಿಲ್ಲದೆ ತನ್ನ ಜನರ ಹಡಗು ಸಾಗಬೇಕೆಂದು ಹೋರಾಡಿದವಳ ಹೆಸರು ಸ್ವತಂತ್ರ ಭಾರತದ ಹಡಗಿನ ಮೇಲೆ ಕಡಲಿಗೆ ಇಳಿಯಿತು.

ಬಸದಿಯ ಕಲಶ ಎತ್ತರದಲ್ಲಿ ಹೊಳೆಯುತ್ತದೆ. ಅದನ್ನು ಹೊತ್ತ ಅಡಿಗಲ್ಲು ಮಣ್ಣಿನೊಳಗೆ ಅಡಗಿರುತ್ತದೆ. ತುಳುನಾಡಿನ ಜಿನಧರ್ಮದ ಅಡಿಗಲ್ಲುಗಳಲ್ಲಿ ಅಬ್ಬಕ್ಕದೇವಿಯೂ ಒಂದು. ಪ್ರತಿಷ್ಠಾಮಹೋತ್ಸವದ ಈ ಪುಣ್ಯಕಾಲದಲ್ಲಿ ಶ್ರಾವಿಕೆಯರು ತಮ್ಮ ಹೆಣ್ಣುಮಕ್ಕಳಿಗೆ ಸೀತೆ, ಚಂದನೆಯರ ಕಥೆಗಳೊಡನೆ ಉಳ್ಳಾಲದ ಈ ರಾಣಿಯ ಕಥೆಯನ್ನೂ ಹೇಳಲಿ. ಸಮಾಜದ ಹಿರಿಯರು ಮನೆಯ ಮನಸ್ತಾಪಗಳನ್ನು ಬಸದಿಯ ಪ್ರಾಂಗಣದಲ್ಲೇ ಕುಳಿತು ಕ್ಷಮಾಭಾವದಿಂದ ಪರಿಹರಿಸಿಕೊಳ್ಳಲಿ. ವೀರಮಾತೆ ಅಬ್ಬಕ್ಕನಿಗೆ ಸಲ್ಲಬೇಕಾದ ಕಾಣಿಕೆ ಅದೇ.